ಊರಬಾಗಿಲಲ್ಲಿ ಕೇಳಿದ ಹೆಸರು

"ಬದುಕಿರೋರ ಹೆಸರು ಮಾತ್ರ ಅಲ್ಲಿ ಕೊಡಬೇಡಪ್ಪ. ಕೊಟ್ಟೆ ಅಂತಿಟ್ಕೋ, ಅವರನ್ನ ಊರಬಾಗಿಲು ದಾಟಿಸೋ ತನಕ ಕಂಪ್ಯೂಟರ್ ಆರಿಸಬೇಡ."

ಮೇಡಂ ದನಿ ತಗ್ಗಿಸಿ ಹೀಗೆಂದಾಗ ಹೊಸಬನಿಗೆ ನಗು ತಡೆಯಲಾಗಲಿಲ್ಲ. ಆ ಗೇಮ್ ಕಂಪನಿಯಲ್ಲಿ ಆಟಗಳ ತಪ್ಪು ಹುಡುಕುವುದೇ ಇಬ್ಬರ ಕೆಲಸ. ಹೊಸ ಆಟದಲ್ಲೊಂದು ಶಾಪಗ್ರಸ್ತ ಊರಿತ್ತು. ಅದನ್ನು ಬರೆದ ಚಿತ್ರಕಾರನನ್ನು ಕಂಪನಿ ಕತ್ತು ಹಿಡಿದು ಹೊರಹಾಕಿತ್ತು. ಹೋಗುವ ದಿನ ಅವನು ಊರಿನ ನಟ್ಟನಡುವೆ ಕೆಂಪು ಮಂಡಲವೊಂದನ್ನು ಬರೆದು, ಬೆರಳು ಕೊಯ್ದುಕೊಂಡು ಪರದೆಗೆ ರಕ್ತ ಸವರಿ ಹೋದನಂತೆ. ಆ ಮಂಡಲವನ್ನು ಎಷ್ಟು ಸಲ ಅಳಿಸಿದರೂ ಮರುದಿನ ಅಲ್ಲೇ ಇರುತ್ತಿತ್ತು. ಹಾಗಾದರೆ ಆ್ಯಂಟಿವೈರಸ್ ತೆಗೆದುಹಾಕಿ ಮಂತ್ರವಾದಿಯನ್ನೇ ಕರೆಸೋಣ ಬಿಡಿ ಎಂದು ಹೊಸಬ ಕಿಚಾಯಿಸಿದ. ಮೇಡಂ ನಗಲಿಲ್ಲ.

ಅವನ ತಲೆಬಿಸಿಯೇ ಬೇರೆ. ಆ ಊರಿನ ಬಾವಿಕಟ್ಟೆಯ ಮುದುಕಿ, ಜೊತೆಗೆ ಯಾರು ಬೇಕೆಂದು ಕೇಳುತ್ತಾಳೆ. ಹೆಸರು ಕೊಟ್ಟರೆ ಬಾವಿಯಿಂದ ಒಬ್ಬ ಸಂಗಾತಿ ಎದ್ದುಬರಬೇಕು. ಪರೀಕ್ಷಿಸುವವರು ಸರಿಯಾದ ಹೆಸರು ಯೋಚಿಸುತ್ತ ಕೂರುವುದಿಲ್ಲ, ಕೈಗೆ ಸಿಕ್ಕ ಅಕ್ಷರ ಕುಟ್ಟುತ್ತಾರೆ. ಹೊಸಬನದು 'ಕಕಕಕ'. ಕುಟ್ಟಿದೊಡನೆ ಆಟ ಕಲ್ಲಾಗಿ ನಿಲ್ಲುತ್ತಿತ್ತು. ಆರಿಸು, ಹಚ್ಚು, ಏಳು ನಿಮಿಷ ಕಾಯಿ, ಮತ್ತೆ ಅದೇ ಕತ್ತಲ ಓಣಿ, ಅದೇ ನಾಯಿಯ ಊಳು, ಅದೇ ಮುದುಕಿ. ಮೂವತ್ತೊಂದು ಸಲ. ಪ್ರೋಗ್ರಾಮರ್‌ಗೆ ಹೇಳಿದರೆ ತನ್ನ ಕಂಪ್ಯೂಟರಿನಲ್ಲಿ ಎಲ್ಲ ಸರಿಯಾಗಿದೆ ಎಂಬ ಒಂದೇ ರಾಗ. ಇವತ್ತೇ ಮುಗಿಯಬೇಕೆಂದು ಬಾಸ್ ನೆತ್ತಿಯ ಮೇಲೆ ಕೂತಿದ್ದ. ಹೊಸಬ ರೋಸಿಹೋದ.

ಅಕ್ಷರ ಕುಟ್ಟಿದ್ದಕ್ಕೇ ನಿಲ್ಲುತ್ತಿದೆಯೋ ಏನೋ, ನಿಜವಾದ ಹೆಸರೊಂದನ್ನು ಕೊಟ್ಟುನೋಡೋಣ ಎಂದುಕೊಂಡ. ಪಕ್ಕದಲ್ಲಿದ್ದ ಫೋನಿನಲ್ಲಿ ಅಕ್ಕನ ಕರೆ ಬಂದು ನಿಂತಿತ್ತು. ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ಹೊಲಿಗೆ ಯಂತ್ರ ತುಳಿದು ಇವನನ್ನು ಓದಿಸಿದವಳು. ಆಟದಲ್ಲಿ ಅವಳ ಹೆಸರನ್ನೇ ಕುಟ್ಟಿದ.

ಆಟ ನಿಲ್ಲಲಿಲ್ಲ. ಬಾವಿಯಿಂದ ಒಂದು ಹೆಂಗಸು ಹತ್ತಿಬಂತು. ಎಡಗಾಲು ತುಸು ಎಳೆಯುತ್ತಿತ್ತು, ಥೇಟ್ ಅಕ್ಕನ ಹಾಗೆ. ಅವನ ಮೇಜಿನ ಸುತ್ತ ಒದ್ದೆ ಬಟ್ಟೆಗೆ ಇಸ್ತ್ರಿ ಒತ್ತಿದ ವಾಸನೆ ಹಬ್ಬಿತು. ಹೆಡ್‌ಫೋನಿನೊಳಗೆ ಯಾರೋ ಅವನ ಮುದ್ದಿನ ಹೆಸರು ಹಿಡಿದು ಕರೆದರು. ಆಟದಲ್ಲಿ ಆ ಹೆಸರನ್ನು ಯಾರೂ ಹಾಕಿರಲಿಲ್ಲ.

ಫೋನ್ ಹೊಡೆದುಕೊಂಡಿತು. ಹೊಲಿಗೆ ಅಂಗಡಿಯಲ್ಲಿ ಅಕ್ಕನ ಪಕ್ಕ ಕೂರುವವಳು.

"ನಿಮ್ಮಕ್ಕ ಇದ್ದಕ್ಕಿದ್ದ ಹಾಗೆ ಎದ್ದು ನಿಂತ್ಕೊಂಡ್ರು. ಕಣ್ಣು ಬಿಟ್ಟಿದಾರೆ, ಮಾತಿಲ್ಲ. ನಿಂತಲ್ಲೇ ಕಾಲು ನಡೀತಾ ಇದೆ."

ಹೊಸಬ ಫೋನನ್ನು ಸ್ಪೀಕರಿಗೆ ಹಾಕಿ ಮೇಡಂ ಕಡೆ ನೋಡಿದ. ಅವಳ ಮುಖ ಬಿಳಿಚಿಕೊಂಡಿತ್ತು.

"ಕರ್ಕೊಂಡು ಹೊರಡು. ಊರಬಾಗಿಲಲ್ಲಿ ಹೆಸರು ಕೇಳುತ್ತೆ. ಅದೇ ಹೆಸರು ಹೇಳು."

ಅವನು ನಡೆಸಿದ. ಓಣಿ ಕಪ್ಪಗಿತ್ತು. ಮನೆಗಳ ಬಾಗಿಲು ತೆರೆದವು. ಊರವರು ಹೊರಬಂದರು. ಮುಖಗಳಿರಲಿಲ್ಲ. ಅವನು ಓಡಿಸಿದ. ಅಕ್ಕನ ಎಡಗಾಲು ಎಳೆಯಿತು. ಫೋನಿನಲ್ಲಿ ಏದುಸಿರು. ಹಿಂದೆ ಹೆಜ್ಜೆ ಸದ್ದು. ಹತ್ತಿರ. ಇನ್ನೂ ಹತ್ತಿರ. ಬಾಗಿಲು ಕಂಡಿತು. ಹತ್ತು ಹೆಜ್ಜೆ. ಐದು. ಒಂದು. ಪರದೆ ಕೇಳಿತು: ಯಾರನ್ನು ಕರೆದೊಯ್ಯುತ್ತೀಯ?

ಅವನ ಬೆರಳುಗಳು ಯೋಚಿಸಲಿಲ್ಲ. ಮೂರು ತಿಂಗಳಿಂದ ಹೆಸರು ಕೇಳಿದಲ್ಲೆಲ್ಲ ಮಾಡಿದ್ದನ್ನೇ ಮಾಡಿದವು. ಕಕಕಕ. ಎಂಟರ್.

ಆಟ ನಿಂತುಹೋಯಿತು.

"ಕಾಲು ನಿಂತೋಯ್ತು" ಎಂದಳು ಫೋನಿನವಳು. "ಒಂದು ಪಾದ ಎತ್ತಿದ್ದು ಎತ್ತಿದ ಹಾಗೇ ಇದೆ. ಉಸಿರೂ ತಗೋತಿಲ್ಲ."

ಕೀಲಿಗಳನ್ನೆಲ್ಲ ಒತ್ತಿದ. ಅಳಿಸಲು ನೋಡಿದ. ಅಕ್ಕನ ಹೆಸರನ್ನು ಮತ್ತೆ ಮತ್ತೆ ಕುಟ್ಟಿದ. ಮೇಜು ಗುದ್ದಿದ. ತನ್ನ ಕೈಗಳನ್ನು ತಾನೇ ಶಪಿಸಿದ. ಪರದೆಯ ಮೇಲೆ ಅವಳು ಹೊಸ್ತಿಲಿನ ಮೇಲೆ ಕಾಲೆತ್ತಿ ನಿಂತೇ ಇದ್ದಳು. ಊರವರ ಕೈಗಳು ಅವಳ ಬೆನ್ನಿಗೆ ಬೆರಳಂತರದಲ್ಲಿ ಚಾಚಿಕೊಂಡಿದ್ದವು. ಹೊಸಬ ನೆಲಕ್ಕೆ ಬಿದ್ದು, ಕಂಪ್ಯೂಟರ್ ಆರದ ಹಾಗೆ ಪ್ಲಗ್ಗನ್ನು ಎರಡೂ ಕೈಯಲ್ಲಿ ಗೋಡೆಗೆ ಒತ್ತಿ ಹಿಡಿದುಕೊಂಡ.

ಆಗ ಆ ಮೂಲೆಯಿಂದ ಪ್ರೋಗ್ರಾಮರ್ ಖುಷಿಯಾಗಿ ಕೂಗಿದ.

"ಲೋ, ಆ ಬಗ್ ಸರಿ ಮಾಡ್ದೆ ಕಣೋ. ಒಂದ್ಸಲ ಆಫ್ ಮಾಡಿ ಆನ್ ಮಾಡು."