ಸಾವಿಗೆ ಮುಂಚೆ ಬಂದ ತಂಬುವಾ

ಆಗಸ್ಟ್ 14, ಮಂಗಳವಾರ, ಮಧ್ಯಾಹ್ನ ಹನ್ನೆರಡು ನಲವತ್ತಕ್ಕೆ ನುಕುಲೇವು ದ್ವೀಪದ ದೋಣಿಯೊಂದು ಪೊಲೀಸ್ ಠಾಣೆಯ ಮುಂದಿನ ಕಟ್ಟೆಗೆ ಬಂದು ತಾಗಿತು. ದೋಣಿಯಲ್ಲಿ ಚಾಪೆ ಸುತ್ತಿದ ಹೆಣ, ಅದರ ತಲೆಯ ಬಳಿ ಒಬ್ಬ ಹೆಂಗಸು. ಇನ್ಸ್‌ಪೆಕ್ಟರ್ ಕೆಲೆಮೇದಿ ಮರಗೆಣಸಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಎದ್ದು ಹೋದ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಹೆಣದ ಜೊತೆ ಬಂದವರನ್ನು ಕಾಯಿಸಿದವನಲ್ಲ.

ಹೆಂಗಸಿನ ಹೆಸರು ವಿಲಿಮೈನಾ, ವಯಸ್ಸು ನಲವತ್ತೊಂದು. ದ್ವೀಪದ ತೆಂಕಣ ದಡದಲ್ಲಿ ಆರು ಹುಲ್ಲುಮನೆಗಳ ಒಂದು ತಂಗುದಾಣ ನಡೆಸುತ್ತಿದ್ದಳು. ಕರೆಂಟಿಲ್ಲ, ಕಂದೀಲಿನ ಬೆಳಕು, ಮಳೆನೀರಿನ ತೊಟ್ಟಿ. ಅದನ್ನು ಹುಡುಕಿಕೊಂಡೇ ಪರದೇಶದವರು ಬರುತ್ತಿದ್ದರು. ಚಾಪೆಯಲ್ಲಿದ್ದವನು ಅವಳ ತಮ್ಮ ಪೆನಾಯಾ, ಇಪ್ಪತ್ತೊಂಬತ್ತು ವರ್ಷ, ತಂಗುದಾಣದ ದೋಣಿ ನಡೆಸುವವನು.

"ಏನಾಯ್ತಮ್ಮ?"

"ಬೆಳಿಗ್ಗೆ ಇಬ್ಬರು ಅತಿಥಿಗಳನ್ನ ಕರ್ಕೊಂಡು ಹೋಗಿದ್ದ. ಹವಳದ ಸಾಲಿನ ಕಂಡಿಯಲ್ಲಿ ಇಂಜಿನ್ ನಿಂತುಹೋಯ್ತು. ಅಲೆ ಎತ್ತಿ ಬಂಡೆಗೆ ಹಾಕಿತು."

"ಅತಿಥಿಗಳು?"

"ಬದುಕಿದಾರೆ. ಇದ್ದ ಎರಡು ಲೈಫ್ ಜಾಕೆಟ್ಟನ್ನ ಅವರಿಗೇ ತೊಡಿಸಿದ್ದ."

"ಪಾಪ. ಆಕಸ್ಮಿಕ ಸಾವು ಅಂತ ಬರ್ಕೊಳ್ಳೋಣ."

"ಬರ್ಕೋಬೇಡಿ," ಎಂದಳು ವಿಲಿಮೈನಾ. ಅವಳ ಕಣ್ಣಲ್ಲಿ ನೀರಿರಲಿಲ್ಲ, ಅಳುವುದನ್ನು ಮುಂದಕ್ಕೆ ಹಾಕಿಕೊಂಡು ಬಂದವಳಂತಿದ್ದಳು. "ಊರಲ್ಲಿ ಆಗಲೇ ಮಾತು ಶುರುವಾಗಿದೆ. ಹಿಂದಿನ ದಿನ ಅಮಲೇರಿಸೋ ಯಂಗೋನಾ ಬೇರಿನ ರಸ ಜಾಸ್ತಿ ಕುಡಿದಿದ್ದ, ಇಂಜಿನ್ ನೋಡದೇ ಹೊರಟ ಅಂತ. ನನ್ನ ತಮ್ಮ ಹಾಗಲ್ಲ. ದಿನಾ ಸಂಜೆ ಇಂಜಿನ್ನಿನ ಪೆಟ್ರೋಲ್ ಡಬ್ಬ ಒರೆಸಿ ಮುಚ್ಚಳ ಬಿಗಿ ಮಾಡೋನು. ಹೆಂಡತಿಗಿಂತ ಇಂಜಿನ್ನೇ ಹೆಚ್ಚು ಅಂತ ಅವನ ಹೆಂಡತಿಯೇ ಬೈತಿದ್ದಳು. ಆರು ತಿಂಗಳ ಬಸುರಿ ಅವಳು, ಸಾರ್. ಹುಟ್ಟೋ ಮಗುಗೆ ನಿಮ್ಮಪ್ಪ ಕುಡಿದು ಸತ್ತ ಅಂತ ಯಾರೂ ಹೇಳಬಾರದು."

ಕೆಲೆಮೇದಿ ಅವಳ ಮುಖವನ್ನೇ ನೋಡಿದ. ನಂತರ ಕಾನ್‌ಸ್ಟೆಬಲ್ ಗೌಂಡರ್‌ನನ್ನು ಕರೆದು ಒಂದು ಗಂಟೆ ಐದು ನಿಮಿಷಕ್ಕೆ ಎಫ್‌ಐಆರ್ ಬರೆಸಿದ. ಸಾವಿನ ಕಾರಣ ಎಂಬ ಜಾಗದಲ್ಲಿ 'ತನಿಖೆಯಲ್ಲಿದೆ' ಎಂದು ಬರೆಯಲು ಹೇಳಿದ. ಹೆಣವನ್ನು ಆರೋಗ್ಯ ಕೇಂದ್ರಕ್ಕೆ ಸಾಗಿಸಿದರು. ಸಂಜೆ ನಾಲ್ಕಕ್ಕೆ ಡಾಕ್ಟರ ಟಿಪ್ಪಣಿ ಬಂತು: ತಲೆಗೆ ಬಂಡೆಯ ಪೆಟ್ಟು, ಆಮೇಲೆ ಮುಳುಗಿ ಸಾವು.

ಬುಧವಾರ ಬೆಳಿಗ್ಗೆ ಏಳಕ್ಕೆ ಇಬ್ಬರೂ ದ್ವೀಪಕ್ಕೆ ಹೊರಟರು. ಎರಡು ಗಂಟೆಯ ದಾರಿ. ಅರ್ಧ ದಾರಿಗೇ ಗೌಂಡರ್ ದೋಣಿಯ ಅಂಚಿಗೆ ಬಾಗಿ ವಾಂತಿ ಮಾಡಿದ.

"ನಿಮ್ಮ ಮುತ್ತಜ್ಜ ಮದ್ರಾಸಿನಿಂದ ಅಷ್ಟು ದೂರ ಹಡಗಲ್ಲಿ ಬಂದಿದ್ದು ಹೇಗಯ್ಯಾ?" ಎಂದ ಕೆಲೆಮೇದಿ.

"ಅವರೂ ಹೀಗೇ ಬಂದಿದ್ರಂತೆ ಸಾರ್. ಅದಕ್ಕೇ ವಾಪಸ್ ಹೋಗೋ ಮಾತೇ ಎತ್ತಲಿಲ್ಲ."

ಒಂಬತ್ತೂಕಾಲಿಗೆ ತಂಗುದಾಣ ಸೇರಿದರು. ಬದುಕುಳಿದ ಅತಿಥಿಗಳು ನ್ಯೂಜಿಲೆಂಡಿನ ಗಂಡಹೆಂಡತಿ. ಗಂಡನ ಮೊಣಕಾಲು ಹವಳಕ್ಕೆ ಸಿಕ್ಕಿ ಹರಿದಿತ್ತು. ಹೇಳಿಕೆಯನ್ನು ಹೆಂಡತಿ ಕೊಟ್ಟಳು. ಇಳಿತಕ್ಕೆ ಮೊದಲೇ ಕಂಡಿ ದಾಟಬೇಕೆಂದು ಪೆನಾಯಾ ಅಂದು ಏಳಕ್ಕೇ ಹೊರಡಿಸಿದ್ದ. ಹೊರಟಾಗ ಇಂಜಿನ್ ಚೆನ್ನಾಗಿಯೇ ಇತ್ತು. ಕಾಲು ಗಂಟೆಯ ಮೇಲೆ ಕೆಮ್ಮಿತು, ಎರಡು ಸಲ ಹತ್ತಿತು, ಕಂಡಿಯ ಬಾಯಲ್ಲಿ ಸತ್ತೇಹೋಯಿತು. ಅವನು ಹುಟ್ಟು ಹಾಕಿ ಇಪ್ಪತ್ತು ನಿಮಿಷ ಅಲೆಯ ಜೊತೆ ಗುದ್ದಾಡಿದ. ದೋಣಿ ಮಗುಚಿದ ಮೇಲೂ ಬದುಕಿದ್ದ.

"ಎಷ್ಟು ಹೊತ್ತು?"

"ಎಂಟೂಕಾಲರವರೆಗೂ ಅವನ ದನಿ ಕೇಳುತ್ತಿತ್ತು. ನನ್ನ ಕೈಯಲ್ಲಿ ಗಡಿಯಾರ ಇತ್ತು. ಈಗ ಬರ್ತಾರೆ, ಊರಿನವರು ನೋಡಿರ್ತಾರೆ, ಧೈರ್ಯವಾಗಿರಿ ಅಂತ ಹೇಳ್ತಲೇ ಇದ್ದ. ಯಾರೂ ಬರಲಿಲ್ಲ. ಒಂಬತ್ತರ ಹೊತ್ತಿಗೆ ಏಡಿ ಹಿಡಿಯಲು ಬಂದ ಮುದುಕಿಯೊಬ್ಬಳು ನಮ್ಮನ್ನ ನೋಡಿದಳು."

ದೋಣಿಯ ಕೆಂಪು ಪೆಟ್ರೋಲ್ ಡಬ್ಬ ದಡಕ್ಕೆ ಬಂದು ಬಿದ್ದಿತ್ತು. ಊರಿನ ಇಬ್ಬರು ಹಿರಿಯರನ್ನು ಪಂಚರನ್ನಾಗಿ ನಿಲ್ಲಿಸಿಕೊಂಡು ಕೆಲೆಮೇದಿ ಪಂಚನಾಮೆ ಶುರುಮಾಡಿದ. ಡಬ್ಬದಲ್ಲಿ ಉಳಿದದ್ದನ್ನು ಗಾಜಿನ ಬಾಟಲಿಗೆ ಸುರಿದು ಇಟ್ಟರು. ಕ್ಷಣದಲ್ಲಿ ಪೆಟ್ರೋಲು ಮೇಲೆ ನಿಂತಿತು, ತಳದಲ್ಲಿ ನಾಲ್ಕು ಬೆರಳು ನೀರು.

"ಮಗುಚಿದ ದೋಣಿಯ ಡಬ್ಬ. ಸಮುದ್ರದ ನೀರು ಒಳಗೆ ಹೋಗದೆ ಇರುತ್ತಾ?" ಎಂದ ಪಂಚರಲ್ಲೊಬ್ಬ.

"ಹೋಗಿರಬಹುದು," ಎಂದ ಕೆಲೆಮೇದಿ. ಅಡಿಗೆಮನೆಯಿಂದ ಒಂದು ತಗಡು ತರಿಸಿದ. ಒಂದು ತುದಿಯಲ್ಲಿ ಎರಡು ಚಮಚ ಕಡಲ ನೀರು, ಇನ್ನೊಂದು ತುದಿಯಲ್ಲಿ ಬಾಟಲಿಯ ತಳದ ನೀರು ಹಾಕಿ ಬಿಸಿಲಿಗಿಟ್ಟ. ಎಲ್ಲರೂ ತೆಂಗಿನ ನೆರಳಲ್ಲಿ ಕೂತರು. ಮುಕ್ಕಾಲು ಗಂಟೆಯಲ್ಲಿ ಕಡಲ ನೀರಿದ್ದ ಕಡೆ ಬೆಳ್ಳಗೆ ಉಪ್ಪು ಕಟ್ಟಿತು. ಇನ್ನೊಂದು ಕಡೆ ತಗಡು ಇದ್ದ ಹಾಗೇ ಇತ್ತು.

ಪಂಚರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಮುದ್ರದ ನಡುವೆ ಸಿಹಿನೀರು ಡಬ್ಬಕ್ಕೆ ಬೀಳುವುದಿಲ್ಲ. ದಡದಲ್ಲೇ ಯಾರೋ ಸುರಿದಿದ್ದರು. ಬಾಟಲಿಗೆ ಅರಗು ಹಾಕಿ, ಹತ್ತು ಐವತ್ತಕ್ಕೆ ಪಂಚನಾಮೆ ಮುಗಿಸಿ ಸಹಿ ಪಡೆದರು.

ಡಬ್ಬ ಇಡುತ್ತಿದ್ದ ದೋಣಿಮನೆಗೆ ಬಾಗಿಲೇ ಇರಲಿಲ್ಲ. ಸೋಮವಾರ ಸಂಜೆ ಐದರಿಂದ ಊರಿಗೆ ಊರೇ ಚರ್ಚಿನಲ್ಲಿ ಹಾಡಿನ ಅಭ್ಯಾಸಕ್ಕೆ ಕೂತಿತ್ತು. ಯಾರು ಬಂದರು, ಯಾರು ಎದ್ದು ಹೋದರು ಎಂದು ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: ನಾವು ಕಣ್ಣು ಮುಚ್ಚಿ ಹಾಡ್ತಿದ್ವಿ.

"ನಿಮ್ಮ ಮೇಲೆ ಯಾರಿಗಾದರೂ ಸಿಟ್ಟಿತ್ತಾ?" ಎಂದು ವಿಲಿಮೈನಾಳನ್ನು ಕೇಳಿದ.

ಅವಳು ಸ್ವಲ್ಪ ತಡೆದು, "ಇಲ್ಲ," ಎಂದಳು. ಆ ತಡೆಯನ್ನು ಕೆಲೆಮೇದಿ ಮನಸ್ಸಿನಲ್ಲೇ ಗುರುತು ಹಾಕಿಕೊಂಡ, ಕಾಗದದ ಮೇಲೆ ಬರೆಯಲಿಲ್ಲ.

ಗುರುವಾರ ಮಧ್ಯಾಹ್ನ ಒಂದೂವರೆಗೆ ಇಬ್ಬರೂ ತಂಗುದಾಣದ ದೊಡ್ಡ ಹುಲ್ಲುಮನೆಯಲ್ಲಿ ಊಟಕ್ಕೆ ಕೂತಿದ್ದರು. ಅಡಿಗೆಯ ಮಾಕೆರೆಟಾ ತೆಂಗಿನ ಹಾಲಲ್ಲಿ ಬೇಯಿಸಿದ ಸೊಪ್ಪು ಬಡಿಸಿದಳು. ತೊಲೆಗೆ ಐದು ತಂಬುವಾ ತೂಗುತ್ತಿದ್ದವು. ಹೆಣೆದ ಹಗ್ಗ ಕಟ್ಟಿದ, ಮುಟ್ಟಿ ಮುಟ್ಟಿ ಹಳದಿಯಾದ ತಿಮಿಂಗಿಲದ ಹಲ್ಲುಗಳು. ಸಾವಿನ ಮನೆಗೆ ಒಂದೊಂದು ಕುಲದವರೂ ತಂದು ಒಪ್ಪಿಸಿದ್ದು.

"ಎಲ್ಲರೂ ಬಂದುಹೋದ್ರು ಅನ್ನು," ಎಂದ ಕೆಲೆಮೇದಿ, ಸುಮ್ಮನೆ ಮಾತಿಗೆ.

"ಬಂದ್ರು ಸಾರ್. ಎಲ್ಲರಿಗಿಂತ ಮೊದಲು ಎರೋನಿ ಮಾಮ. ಆ ಕೊನೇದು ಅವರದ್ದೇ. ಅವತ್ತು ಬೆಳಿಗ್ಗೇನೇ ತಂದ್ರು, ಪಾಪ. ಹೆಂಡತಿ ಸತ್ತು ಎರಡು ತಿಂಗಳಾಗಿದೆ ಅಷ್ಟೆ, ಆ ನೋವು ಗೊತ್ತಿದ್ದವರು."

"ಸುದ್ದಿ ಬಂದ ತಕ್ಷಣ ತಂದನಾ?"

"ಹೂಂ, ತಕ್ಷಣ..." ಎಂದವಳು ಸೌಟನ್ನು ಕೈಯಲ್ಲಿ ಹಿಡಿದು ನಿಂತುಬಿಟ್ಟಳು. "ಇಲ್ಲ ಸಾರ್. ನಾನಿನ್ನೂ ಚಹಾದ ಲೋಟ ತೊಳೀತಿದ್ದೆ. ಶಾಲೆಯ ಡೋಲು ಆಗಿರಲಿಲ್ಲ."

"ಡೋಲು ಎಷ್ಟು ಗಂಟೆಗೆ?"

"ಎಂಟಕ್ಕೆ."

ಗೌಂಡರ್ ತಟ್ಟೆಯಿಂದ ಕೈ ತೆಗೆದ. ಸಾವಿನ ಸುದ್ದಿ ತಂಗುದಾಣ ತಲುಪಿದ್ದು ಒಂಬತ್ತು ದಾಟಿದ ಮೇಲೆ. ಎಂಟಕ್ಕಿಂತ ಮೊದಲು ಪೆನಾಯಾ ಇನ್ನೂ ಬದುಕಿದ್ದ.

ವಿಲಿಮೈನಾಳನ್ನು ಕರೆಸಿದರು. ತಂಬುವಾದ ಮಾತೆತ್ತಿದ ಕೂಡಲೇ ಅವಳ ಮುಖ ಬಿಗಿಯಿತು.

"ಅದು ಕ್ಷಮೆಯ ತಂಬುವಾ. ಒಪ್ಪಿಕೊಂಡ ಮೇಲೆ ಆ ಜಗಳದ ಮಾತು ಎತ್ತಬಾರದು. ನಿಮಗೆ ಗೊತ್ತಿಲ್ವಾ?"

"ಗೊತ್ತು. ನಾನೂ ಈ ಕಡಲಲ್ಲೇ ಹುಟ್ಟಿದವನು. ನಮ್ಮಪ್ಪ ಒಬ್ಬರ ಮುಂದೆ ಮೊಣಕಾಲೂರಿ ತಂಬುವಾ ಕೊಟ್ಟಿದ್ದನ್ನ ನೋಡಿದೀನಿ, ಯಾಕೆ ಅಂತ ಇವತ್ತಿಗೂ ಕೇಳಿಲ್ಲ. ಆದರೂ ನಿಮ್ಮ ತಮ್ಮನ ಸಲುವಾಗಿ ಹೇಳಬೇಕಮ್ಮ. ಯಾವ ಜಗಳ?"

ಅವಳು ತೊಲೆಯ ಕೊನೆಯ ತಂಬುವಾದ ಕಡೆ ನೋಡಿ ಹೇಳಿದಳು. ಎರೋನಿಯ ಹೆಂಡತಿ ಉನೈಸಿ ಮೀನುಗಾರ ಕುಲದ ಹಿರಿಯಳು. ಅವಳು ತೀರಿಕೊಂಡಾಗ ಊರಿನ ಮುಂದಿನ ಕಡಲನ್ನು ನೂರು ದಿನ ಮುಚ್ಚಿದ್ದರು; ಗಡಿಗೆ ಕಂಬ ನೆಟ್ಟು ತೆಂಗಿನ ಗರಿ ಕಟ್ಟಿ, ಅದರ ಒಳಗೆ ಯಾರೂ ಮೀನು ಹಿಡಿಯಬಾರದು ಎಂದು. ತಂಗುದಾಣದ ಅತಿಥಿಗಳು ಪೆನಾಯಾನ ದೋಣಿಯಲ್ಲಿ ಹೋಗಿ, ಮೀನಿನ ಈಟಿ ಹಿಡಿದು ಆ ಗಡಿಯ ಒಳಗೇ ಇಳಿಯುತ್ತಿದ್ದರು. ಎರೋನಿ ಮೂರು ಸಲ ಬಂದು ಬೇಡವೆಂದಿದ್ದ.

"ನಾನು, ಅವರಿಗೇನು ಗೊತ್ತು ಮಾಮ, ದುಡ್ಡು ಕೊಟ್ಟು ಬಂದವರು ಅಂದೆ. ಮೂರನೇ ಸಲ ಸ್ವಲ್ಪ ಜೋರಾಗೇ ಅಂದೆ."

"ಮಂಗಳವಾರ ಬೆಳಿಗ್ಗೆ ಬಂದವನು ಏನಂದ?"

"ನಿನ್ನ ಮನೆಗೆ ನನ್ನಿಂದ ಒಂದು ತಪ್ಪಾಗಿದೆ ಅಂದ್ರು. ಆ ಜಗಳಕ್ಕೇ ಅಂದ್ಕೊಂಡು ತಂಬುವಾ ಮುಟ್ಟಿ ಕ್ಷಮಿಸಿದೆ. ಆಮೇಲೆ ಪೆನಾಯಾ ಎಲ್ಲಿ, ಕರಿ ಅಂದ್ರು. ಇವತ್ತು ಇಳಿತ ಬೇಗ, ಆಗಲೇ ಹೋದ ಅಂದೆ. ದಿನಾ ಒಂಬತ್ತಕ್ಕಲ್ವಾ ಹೊರಡೋದು ಅಂದ್ರು. ಅಷ್ಟೆ. ಎದ್ದು ದಡದ ಕಡೆ ಓಡಿದ್ರು. ಚಪ್ಪಲಿ ಇಲ್ಲೇ ಬಿಟ್ಟು ಹೋದ್ರು. ವಯಸ್ಸಾಯ್ತಲ್ಲ ಅಂದ್ಕೊಂಡೆ..."

ಹೇಳುತ್ತ ಹೇಳುತ್ತಲೇ ಅವಳಿಗೆ ಗೊತ್ತಾಯಿತು. ಬಾಯಿಗೆ ಅಂಗೈ ಒತ್ತಿಕೊಂಡಳು. ಮೂರು ದಿನದಿಂದ ಮುಂದಕ್ಕೆ ಹಾಕಿದ್ದ ಅಳು ಆಗ ಬಂತು. ಕೆಲೆಮೇದಿ ಹೊರಗೆ ಹೋಗಿ ನಿಂತ.

ಎರೋನಿ, ಅರವತ್ಮೂರು ವರ್ಷ, ದಡದ ಮೇಲಿನ ಹೆಂಡತಿಯ ಗೋರಿಯ ಬಳಿ ಕಸ ಗುಡಿಸುತ್ತಿದ್ದ. ಮೂರು ಇಪ್ಪತ್ತಕ್ಕೆ ಇಬ್ಬರು ಪೊಲೀಸರು ಅವನ ಎದುರು ಮರಳಿನ ಮೇಲೆ ಕೂತರು. ಹೇಳಿದ್ದನ್ನು ಅವನ ವಿರುದ್ಧ ಬಳಸಬಹುದು ಎಂಬ ಎಚ್ಚರಿಕೆಯನ್ನು ಗೌಂಡರ್ ಓದಿದ. ಎರೋನಿ ಪೊರಕೆ ಕೆಳಗಿಟ್ಟ.

"ನೀರು ಎಲ್ಲಿಂದ ತಂದೆ?"

"ನಮ್ಮ ಒರತೆಯಿಂದ. ಎರಡು ಬಾಟಲಿ."

"ಯಾವಾಗ?"

"ಸೋಮವಾರ. ಎಲ್ಲರೂ ಹಾಡೋಕೆ ಹೋದಾಗ."

"ಕಡಲಲ್ಲಿ ನಿಂತುಹೋದರೆ ಗತಿಯೇನು ಅಂತ ಹೊಳೀಲಿಲ್ವಾ?"

"ಶುರುವೇ ಆಗಲ್ಲ ಅಂದ್ಕೊಂಡಿದ್ದೆ ಸಾರ್. ದಡದಲ್ಲೇ ಕೂರುತ್ತೆ, ಒಂದು ವಾರ ರಿಪೇರಿಗೆ ಹೋಗುತ್ತೆ, ಅಷ್ಟು ದಿನ ನನ್ನ ಹೆಂಡತಿಯ ಕಡಲು ಸುಮ್ಮನಿರುತ್ತೆ ಅಂತ. ಹುಟ್ಟಿದಾಗಿನಿಂದ ಹುಟ್ಟು ಹಾಕಿದವನು ನಾನು, ಇಂಜಿನ್ನಿನ ವಿಷಯ ನನಗೇನು ಗೊತ್ತು? ಪೈಪಿನಲ್ಲಿ ಉಳಿದ ಎಣ್ಣೆಗೇ ಅಷ್ಟು ದೂರ ಓಡುತ್ತೆ ಅಂತ ಆಮೇಲೆ ಊರ ಹುಡುಗರು ಮಾತಾಡ್ಕೊಂಡಿದ್ದು ಕೇಳಿ ತಿಳೀತು."

"ಬೆಳಿಗ್ಗೆ ತಂಬುವಾ ಯಾಕೆ ತಗೊಂಡು ಹೋದೆ?"

"ಮನಸ್ಸು ತಡೀಲಿಲ್ಲ. ವಿಲಿಮೈನಾನೂ ನಮ್ಮ ಹುಡುಗೀನೇ. ಹೊರಡೋದು ಒಂಬತ್ತಕ್ಕೆ, ಅಷ್ಟರಲ್ಲಿ ಹೋಗಿ ತಪ್ಪು ಒಪ್ಕೊಂಡು ಬಿಡೋಣ ಅಂದ್ಕೊಂಡೆ."

"ಹೋದ ಅಂದಾಗ ಯಾಕೆ ಬಾಯಿ ಬಿಡಲಿಲ್ಲ?"

ಎರೋನಿ ಮರಳಲ್ಲಿ ಬಿದ್ದಿದ್ದ ಒಂದು ಒಣಗಿದ ಎಲೆ ಹೆಕ್ಕಿ ಪಕ್ಕಕ್ಕಿಟ್ಟ.

"ಅವಳು ಆಗಲೇ ತಂಬುವಾ ಮುಟ್ಟಿದ್ದಳು. ಕ್ಷಮಿಸಿದೀನಿ ಅಂತ ಹೇಳಿ ನಮ್ಮ ಪದ್ಧತಿಯಂತೆ ಚಪ್ಪಾಳೆ ತಟ್ಟಿದಳು. ದಡಕ್ಕೆ ಓಡಿದೆ. ದೋಣಿ ಕಾಣಲಿಲ್ಲ. ಕಂಡಿ ದಾಟಿರಬೇಕು, ಏನೂ ಆಗಿಲ್ಲ ಅಂದ್ಕೊಂಡೆ. ಹಾಗಂದ್ಕೊಳ್ಳೋದು ಸುಲಭವಾಗಿತ್ತು." ಆಮೇಲೆ ತಲೆಯೆತ್ತಿದ. "ಎಷ್ಟು ಹೊತ್ತು ಬದುಕಿದ್ದ ಸಾರ್?"

ಹೇಳಬೇಕಾದ ನಿಯಮವೇನೂ ಇರಲಿಲ್ಲ. ಆದರೆ ಈ ಮುದುಕನಿಗೆ ಸುಳ್ಳು ಹೇಳುವುದು ಕೆಲೆಮೇದಿಗೆ ಆಗಲಿಲ್ಲ.

"ಎಂಟೂಕಾಲರವರೆಗೆ."

ಊರಿನ ತೆಪ್ಪಗಳು ಕಂಡಿ ಮುಟ್ಟಲು ಕಾಲು ಗಂಟೆ ಸಾಕು. ಎರೋನಿ ಆ ಲೆಕ್ಕವನ್ನು ಯಾರ ಸಹಾಯವೂ ಇಲ್ಲದೆ ಹಾಕಿದ. ಕೈಚಾಚಿ ಗೋರಿಯ ಮೇಲಿನ ಬಟ್ಟೆಯನ್ನು ಸರಿಪಡಿಸಿದ, ಅದು ಸರಿಯಾಗಿಯೇ ಇತ್ತು. ಮೂರು ಐವತ್ತಕ್ಕೆ ಅವನನ್ನು ದಸ್ತಗಿರಿ ಮಾಡಿದರು. ಕೋಳ ಹಾಕುವುದು ಬೇಡ ಎಂದು ಕೆಲೆಮೇದಿ ಕಣ್ಸನ್ನೆ ಮಾಡಿದ.

ಐವತ್ತು ವರ್ಷ ಆ ನೀರಿನಲ್ಲಿ ಸೊಂಟದವರೆಗೆ ಇಳಿದು ಬಲೆ ಎಳೆದ ಹೆಂಗಸು ಉನೈಸಿ. ಅವಳಿಗೆ ಗಂಡ ಮಾಡಬಹುದಾಗಿದ್ದ ಕೊನೆಯ ಮರ್ಯಾದೆ ಆ ನೂರು ದಿನ. ಅದರಲ್ಲಿ ಅರವತ್ತೆರಡು ದಿನವಾಗಿತ್ತು. ದೋಷಾರೋಪದ ಹಾಳೆಯಲ್ಲಿ 'ಉದ್ದೇಶ' ಎಂಬ ಸಾಲಿನಲ್ಲಿ ಇದನ್ನೆಲ್ಲ ಹೇಗೆ ಬರೆಯುವುದೆಂದು ಗೌಂಡರ್ ಕೇಳಿದ. 'ಹೆಂಡತಿಯ ಶೋಕ' ಎಂದು ಬರಿ, ಸಾಕು ಎಂದ ಕೆಲೆಮೇದಿ.

ದೋಣಿ ಹತ್ತುವಾಗ ವಿಲಿಮೈನಾ ದಡದಲ್ಲಿದ್ದಳು. ಎರಡು ಕೈಯಲ್ಲೂ ಎರೋನಿಯ ತಂಬುವಾ ಹಿಡಿದಿದ್ದಳು. ಹಿಂದೆ ಊರಿನವರು ಗುಂಪಾಗಿ ನಿಂತಿದ್ದರು, ಪೆನಾಯಾನ ಹೆಂಡತಿಯೂ ಇದ್ದಳು. ಕೊಟ್ಟ ತಂಬುವಾವನ್ನು ಎಸೆದ ಉದಾಹರಣೆ ಆ ದ್ವೀಪದಲ್ಲಿರಲಿಲ್ಲ. ಇವತ್ತು ಅದೂ ಆಗಬಹುದೆಂದು ಕೆಲೆಮೇದಿಗೆ ಭಯವಾಯಿತು.

"ಮಾಮ, ಇದನ್ನ ನಾನು ಮುಟ್ಟಿದೆ. ಕ್ಷಮಿಸಿದೀನಿ ಅಂತ ಬಾಯಿಬಿಟ್ಟು ಹೇಳಿದೆ. ನಾನು ಕ್ಷಮಿಸಿದ್ದು ಯಾವುದನ್ನ?"

ಬೇರೆ ಯಾರಾದರೂ ಆಗಿದ್ದರೆ 'ಎಲ್ಲವನ್ನೂ' ಎಂದುಬಿಡುತ್ತಿದ್ದರು. ಹಿರಿಯರೆಲ್ಲ ಕೇಳುತ್ತಿದ್ದರು, ಒಪ್ಪಿಕೊಂಡ ತಂಬುವಾವನ್ನು ನ್ಯಾಯಾಲಯವೂ ಗಣನೆಗೆ ತೆಗೆದುಕೊಳ್ಳಬಹುದಿತ್ತು. ಎರೋನಿ ಒಂದು ಕಾಲು ನೀರಿನಲ್ಲಿ, ಒಂದು ಕಾಲು ಮರಳಿನಲ್ಲಿ ಇಟ್ಟು ನಿಂತ.

"ಎಣ್ಣೆಗೆ ಹಾಕಿದ ನೀರನ್ನ. ಅಷ್ಟಕ್ಕೇ ನಾನು ತಂದಿದ್ದು. ಪೆನಾಯಾನಿಗೆ ಕೊಡೋಕೆ ನನ್ನ ಮನೇಲಿ ಏನೂ ಇಲ್ಲಮ್ಮ."

ವಿಲಿಮೈನಾ ತಂಬುವಾವನ್ನು ಎದೆಗೆ ಹತ್ತಿರ ಎಳೆದುಕೊಂಡಳು. "ಹಾಗಾದರೆ ಇದು ನಮ್ಮ ಮನೇಲೇ ಇರುತ್ತೆ," ಎಂದಳು. "ಉಳಿದಿದ್ದಕ್ಕೆ ನೀವು ಕೋರ್ಟಿಗೆ ಹೋಗಿಬನ್ನಿ ಮಾಮ."

ಕೆಲೆಮೇದಿ ಅವನ ತೋಳು ಹಿಡಿದು ದೋಣಿಗೆ ಹತ್ತಿಸಿದ. ಸಂಜೆ ನಾಲ್ಕು ನಲವತ್ತಕ್ಕೆ ಹೊರಟರು. ಕಂಡಿ ಬಂದಾಗ ಎರೋನಿ ಕಣ್ಣು ಮುಚ್ಚಲಿಲ್ಲ, ದಾಟುವವರೆಗೂ ನೀರನ್ನೇ ನೋಡುತ್ತಿದ್ದ.