ಗಿಡ್ಡನ ಪಂಪು

ಕಂಪ್ಯೂಟರ್ ಆಟದಲ್ಲಿ ಕಟ್ಟಿದ ಕೋಟೆಗೆ ನೀರೇರಿಸಲು ನನಗೆ ತಗುಲಿದ್ದು ಮೂರು ಭಾನುವಾರ, ಎಂಟು ಪಂಪು, ಆರು ಜೀವ. ಮತ್ತೆ ಗಿಡ್ಡ.

ಹೊಟ್ಟೆಪಾಡಿಗೆ ನಿಜವಾದ ಪಂಪು ರಿಪೇರಿ ಮಾಡುವವನು ನಾನು. ಆಟದ ಪಂಪು ಯಾವ ಲೆಕ್ಕ ಅಂದುಕೊಂಡಿದ್ದೆ. ಕೆಳಗಿನ ಪಂಪು ತಿರುಗಿಸುವ ಆಳಿಗೆ ನಾನಿಟ್ಟ ಹೆಸರು ಗಿಡ್ಡ. ಅವನು ಊಟಕ್ಕೆ ಎದ್ದಾಗಲೆಲ್ಲ ನೀರು ನಿಲ್ಲುತ್ತಿತ್ತು. ದೋಷ ಸಿಕ್ಕಿತೆಂದು, ಅವನು ಎದ್ದು ಹೋಗದಂತೆ ಬಾಗಿಲಿಗೆ ಗೋಡೆ ಕಟ್ಟಿಸಿದೆ.

ನೀರೇನೋ ಏರಿತು. ಮೇಲಿನ ತೊಟ್ಟಿ ತುಂಬಿದ ಮೇಲೆ ಹಿಂದಕ್ಕೆ ಸುರಿದು ಗಿಡ್ಡನ ಕೋಣೆ ತುಂಬತೊಡಗಿತು. ಗಾಬರಿಯಲ್ಲಿ ಗೋಡೆ ಒಡೆಸಿದೆ. ಒಡೆಯಲು ಹೋದ ಆರು ಜನರನ್ನೂ ನೀರು ಕಲ್ಲಿಗೆ ಅಪ್ಪಳಿಸಿ ತಲೆಬುರುಡೆ ಪುಡಿಮಾಡಿತು. ಕಂಪ್ಯೂಟರ್ ಪರದೆಯೆಲ್ಲ ಕೆಂಪಾಯಿತು.

"ರೀ, ಬಚ್ಚಲಲ್ಲಿ ಯಾರನ್ನ ಕೂಡಿಹಾಕಿದ್ದೀರಿ? ಬಾಗಿಲು ಬಡೀತಾ ಇದ್ದಾರೆ," ಅಂದಳು ಹೆಂಡತಿ ಅಡುಗೆಮನೆಯಿಂದ.

"ನಿಮ್ಮಣ್ಣ ಇರಬೇಕು. ಊಟದ ಹೊತ್ತಾಯ್ತಲ್ಲ."

ನಗುತ್ತಲೇ ಹೋಗಿ ನೋಡಿದೆ. ಚಿಲಕ ಹೊರಗಿನಿಂದ ಹಾಕಿತ್ತು. ತೆಗೆದರೆ ಒಳಗೆ ಯಾರೂ ಇಲ್ಲ, ನೆಲ ಒಣಗಿತ್ತು. ಬಾಗಿಲಿನ ಒಳಮೈ ಮಾತ್ರ ಒದ್ದೆಯಾಗಿ ತಣ್ಣಗೆ ಕೊರೆಯುತ್ತಿತ್ತು. ನನ್ನ ಸೊಂಟದೆತ್ತರಕ್ಕೆ ಹಸಿ ಉಗುರುಗೀರುಗಳಿದ್ದವು.

ವಾಪಸು ಬಂದು ಆಟದಲ್ಲಿ ಹೆಣ ಎಣಿಸಿದೆ. ಆರೇ ಇದ್ದವು. ಆಳಿಲ್ಲದ ಪಂಪು ತನ್ನಷ್ಟಕ್ಕೆ ತಿರುಗುತ್ತಿತ್ತು.

ಕೋಟೆಗೆ ನೀರು ಸಿಕ್ಕಿತು. ಗಿಡ್ಡ ಸಿಗಲಿಲ್ಲ.