ಮನೆ ಹಿಡಿದು ಕೂತವನು

ಯಶೋಧರಾಳ ಸಿಟ್ಟು ಸಿರುಗುಪ್ಪದಲ್ಲಿ ಅವಳ ಜೊತೆಯೇ ಬಸ್ ಹತ್ತಿತ್ತು. ಬಳ್ಳಾರಿ ಬಂದರೂ ಇಳಿಯಲಿಲ್ಲ. ದಾರಿಯುದ್ದಕ್ಕೂ ಭತ್ತದ ಗದ್ದೆಗಳು ಹಸಿರಾಗಿ ಹಾಯ್ದು ಹೋದವು, ಅವಳ ಕಣ್ಣಿಗೆ ಒಂದೂ ಬೀಳಲಿಲ್ಲ. ಸಿಗಲಿ ಆ ಗವಿಸಿದ್ದೇಶ್, ಇವತ್ತು ಇದೆ ಅವನಿಗೆ!

ಇಬ್ಬರೂ ಸೇರಿ ಕುರುಗೋಡನ್ನು ಕಟ್ಟುತ್ತಿದ್ದರು. ಹೆಡ್‌ಸೆಟ್ ಹಾಕಿಕೊಂಡರೆ ಕಣ್ಣೆದುರು ಎದ್ದು ನಿಲ್ಲುವ ವಿಆರ್ ಕುರುಗೋಡು. ಅವಳು ಸಿರುಗುಪ್ಪದ ಅಕ್ಕನ ಮನೆಯಿಂದ, ಅವನು ಬಳ್ಳಾರಿಯ ಆಫೀಸಿನಿಂದ, ಆ ಸಾಫ್ಟ್‌ವೇರಿನೊಳಗೆ ಒಂದೇ ಬೀದಿಯಲ್ಲಿ ನಿಂತು ಕೆಲಸ ಮಾಡಬಹುದಿತ್ತು. ಅವಳು ಗೋಡೆ ಎಬ್ಬಿಸಿದರೆ ಅವನು ಬಿಸಿಲು ಬೀಳಿಸುತ್ತಿದ್ದ. ಕೆಲಸವಿಲ್ಲದಿದ್ದರೂ ಗುಡಿಯ ಕಂಬಗಳ ನಡುವೆ ಎದುರಾಗಿ, "ಬಿಸಿಲು ಹೆಚ್ಚಾತೇನ್ರೀ?" ಎನ್ನುತ್ತಿದ್ದ.

"ಬಿಸಿಲಲ್ಲ, ನಿಮ್ಮ ಮಾತು ಹೆಚ್ಚಾತು" ಎಂದು ಅವಳು ನಗುತ್ತಿದ್ದಳು. ಆ ನಗು ನೆನೆದರೆ ಈಗ ಮೈ ಉರಿಯುತ್ತಿತ್ತು.

ಊರಿನ ಅಂಚಿಗೆ ಅವಳು ತನ್ನ ಕೇರಿಯನ್ನೂ ಕಟ್ಟಿದ್ದಳು. ಅಜ್ಜಿ ಹಂಪಮ್ಮನ ಮನೆ, ಮುಂದಿನ ಕಟ್ಟೆ, ಬಾಗಿಲ ಮೇಲಿನ ಬುದ್ಧನ ಚಿತ್ರ. ಬೆಳಿಗ್ಗೆ ಆ ಕಟ್ಟೆಗೆ ಕೈ ಹಾಕಿದರೆ ಕೆಂಪು ಅಕ್ಷರ ಮೂಡಿತು: "ಗವಿಸಿದ್ದೇಶ್ ಹಿಡಿದಿದ್ದಾರೆ. ನೀವು ಮುಟ್ಟುವಂತಿಲ್ಲ." ಒಬ್ಬರು ಹಿಡಿದದ್ದನ್ನು ಅವರು ಬಿಡುವ ತನಕ ಇನ್ನೊಬ್ಬರು ಅಲುಗಿಸಲಾಗದು. ಆ ಸಾಫ್ಟ್‌ವೇರಿನ ಪದ್ಧತಿಯೇ ಹಾಗೆ. ಇಡೀ ಕೇರಿ ಅವನ ಹೆಸರಿನಲ್ಲಿ ಲಾಕ್ ಆಗಿತ್ತು. ಫೋನ್ ಮಾಡಿದರೆ ಎತ್ತಲಿಲ್ಲ. ಈ ಕೆಲಸ ಕೊಟ್ಟವರು ಇವತ್ತೇ ನೋಡಲು ಬರುವವರಿದ್ದರು. ಕಷ್ಟ ಅವಳದು, ಹೆಸರು ಅವನದೇ? ಅದೂ ಅಜ್ಜಿಯ ಮನೆಯ ಮೇಲೆ ಅಂಥ ಮಾತು ಬರೆದು!

ಗವಿಸಿದ್ದೇಶ್ ಆಫೀಸಿನ ಮೂಲೆಯಲ್ಲಿ ಹೆಡ್‌ಸೆಟ್ ಹಾಕಿಕೊಂಡು, ಎರಡೂ ಕೈಗಳನ್ನು ಗಾಳಿಯಲ್ಲಿ ಚಾಚಿ ಕೂತಿದ್ದ. ಪಕ್ಕದಲ್ಲಿ ಊಟದ ಡಬ್ಬಿ ಮುಚ್ಚಿದ ಹಾಗೆಯೇ ಇತ್ತು.

"ನಮ್ಮ ಮನಿ ಮುಟ್ಟಬ್ಯಾಡ ಅನ್ನಾಕ ನೀವ್ಯಾರ್ರೀ?"

ಅವನು ಬೆಚ್ಚಿದ. ಆಮೇಲೆ ತುಟಿಯಲ್ಲಿ ನಗು ಬಂತು. "ಯಶೋಧರಾ? ಖರೇನ ಬಂದ್ರಾ?"

"ಬೈಯಾಕ ಬಂದೀನಿ. ಅದನ್ನ ತಗದು ನನ್ನ ಮಾರಿ ನೋಡ್ರಿ!"

"ನೋಡಬೇಕಂತ ಭಾಳ ಆಸಿ ಐತ್ರಿ. ಆದ್ರ ತಗದ್ರ ನಿಮ್ಮ ಮನಿ ಹೋಗತೈತಿ."

"ಅಂದ್ರ?"

"ದೊಡ್ಡಬಸವರಾಜ ಸರ್ ಕೇರಿಗೆ ಡಿಲೀಟ್ ಕೊಟ್ಟಾರ. ಬಂದಾವ್ರಿಗೆ ಗುಡಿ ತೋರಿಸಿದ್ರ ಸಾಕಂತ, ಕೇರಿ ಚೆಂದ ಕಾಣಂಗಿಲ್ಲಂತ. ನಾ ಹಿಡಿದಿರೋ ತನಕ ಅದು ನಡಿಯಂಗಿಲ್ಲ. ಮುಂಜಾನಿಂದ ಹಿಂಗ ಕೂತೀನಿ. ಫೋನ್ ಎತ್ತಾಕ ಕೈ ಎಲ್ಲಿ ಐತಿ?"

ಅವಳ ಸಿಟ್ಟಿಗೆ ಒಂದು ಗಳಿಗೆ ದಿಕ್ಕು ತಪ್ಪಿತು. ಆಮೇಲೆ ದುಪ್ಪಟ್ಟಾಯಿತು. ಆಫೀಸಿನ ಯಜಮಾನ ದೊಡ್ಡಬಸವರಾಜನ ಮೇಲಂತೂ ಸರಿಯೇ, ಇವನ ಮೇಲೂ.

"ನನಗ್ಯಾಕ ಹೇಳಲಿಲ್ಲ?"

"ನಿಮಗ ಬ್ಯಾಸರ ಆಗತೈತಂತ..."

"ನನ್ನ ಮನಿ ಅಳಸಾವ್ರೂ ನನ್ನ ಕೇಳಂಗಿಲ್ಲ, ಉಳಸಾವ್ರೂ ನನ್ನ ಕೇಳಂಗಿಲ್ಲ! ನಾ ಏನು ಸತ್ತೀನೇನು? ಆ 'ಮುಟ್ಟುವಂತಿಲ್ಲ' ಅನ್ನೋದನ್ನ ಬರದಾವ್ರು ಯಾರು?"

"ನಾನ." ಮುಖದ ಕಾಣುವ ಅರ್ಧ ಕೆಂಪಾಯಿತು. "ಸಾಫ್ಟ್‌ವೇರಿಗೆ ಆ ಸಾಲು ಬರಿಯುವಾಗ ಹೊಳಿಲಿಲ್ರಿ. ಇವತ್ತು ನಿಮ್ಮ ಮನಿ ಮ್ಯಾಲ ಓದಿ ನಾಚಿಕಿ ಆತು. ತಪ್ಪಾತು."

"ಹ್ಯಾಂಗ ಹೊಳಿತೈತಿ? ನಿಮಗ ಯಾರೂ ಆ ಮಾತು ಅಂದಿಲ್ಲ."

ಅವಳು ಪಕ್ಕದ ಮೇಜಿನ ಹೆಡ್‌ಸೆಟ್ ಎಳೆದು ಹಾಕಿಕೊಂಡಳು. ಆಫೀಸು ಮಾಯವಾಗಿ ಕೇರಿಯ ಬಿಸಿಲು ಕಣ್ಣು ತುಂಬಿತು. ಅವನು ಅಜ್ಜಿಯ ಕಟ್ಟೆಯ ಅಂಚು ಹಿಡಿದು ನಿಂತಿದ್ದ. ಲಾಕ್ ಕೈ ದಾಟಬೇಕಾದರೆ ಇಬ್ಬರೂ ಒಂದೇ ಕಡೆ ಹಿಡಿಯಬೇಕು. ಅವನ ಕೈಗಳ ಮೇಲೆ ಅವಳು ಕೈಯಿಟ್ಟಳು. ಬರೀ ಬಣ್ಣದ ಕೈಗಳು, ಬಿಸುಪಿಲ್ಲ. ಆದರೂ ಪಕ್ಕದ ಕುರ್ಚಿಯಲ್ಲಿ ಅವನ ಉಸಿರು ನಿಂತದ್ದು ಅವಳಿಗೆ ಗೊತ್ತಾಯಿತು. ಕಟ್ಟೆಯ ಮೇಲೆ ಅವಳ ಹೆಸರು ಮೂಡಿತು.

"ಈಗ ಬಿಡ್ರಿ."

ಅವನು ಹೆಡ್‌ಸೆಟ್ ತೆಗೆದ ಸದ್ದಾಯಿತು. ಆಮೇಲೆ ಅವನ ಕುರ್ಚಿ ಅವಳ ಕಡೆಗೆ ತಿರುಗಿ ಕಿರುಗುಟ್ಟಿತು.

"ಏನು ನೋಡಾಕತ್ತೀರಿ?"

"ಸಿಟ್ಟು ಬಂದ್ರ ನಿಮ್ಮ ಮೂಗಿನ ತುದಿ ಕೆಂಪಾಗತೈತಿ. ಅದರೊಳಗ ಕಾಣತಿರಲಿಲ್ಲ." ಅವನ ದನಿ ಮೆತ್ತಗಾಯಿತು. "ನೀವು ನನ್ನ ನೋಡಾಕತ್ತಿಲ್ಲಂತ ಧೈರ್ಯ ಬಂದೈತಿ. ನನಗ ನೀವಂದ್ರ ಭಾಳ ಇಷ್ಟ. ಮದುವಿ ಆದ್ರ ನಿಮ್ಮನ್ನ ಆಗಬೇಕಂತ ಅದೀನಿ."

ಅವಳ ಎದೆ ಹಾರಿತು. ಹಾರಿದ ಎದೆಯ ಮೇಲೂ ಅವಳಿಗೆ ಸಿಟ್ಟು ಬಂತು.

"ನನ್ನ ಎರಡೂ ಕೈ ಬಿಡುವಿಲ್ಲದಾಗ ಹೇಳ್ತೀರಲ್ಲ! ಅಳತಿ ತಗೋಳಾಕ ಕುರುಗೋಡಿಗೆ ಬಂದಾಗ ನಮ್ಮಜ್ಜಿ ಚಾ ಕುಡದು ಹೋಗಪಾ ಅಂದ್ಳು. ಬಸ್ ಬಂತಂತ ಓಡಿದ್ರಿ. ಬಸ್ ಬಂದಿರಲಿಲ್ಲ."

"ಅಂಜಿದ್ದೆ. ಯಾರಾರ ನೋಡಿ ನಮ್ಮ ಮನ್ಯಾಗ ಹೇಳ್ತಾರಂತ."

"ಈ ಗೊಂಬಿ ಮನಿ ಹಿಡಿಯೋದು ಸುಲಭ ಐತ್ರಿ. ಖರೇ ಮನಿಗೆ ಬಂದು, ಅಜ್ಜಿ ಮುಂದ ಕೂತು ಹೇಳ್ರಿ ಈ ಮಾತು."

ಅಷ್ಟರಲ್ಲಿ ನೋಡುವವರು ಬಂದರು. ಅವರಲ್ಲೊಬ್ಬರು ವಯಸ್ಸಾದ ಹೆಂಗಸು. ಹೆಡ್‌ಸೆಟ್ ಹಾಕಿಕೊಂಡು ಗುಡಿ ನೋಡಿ, ಬೀದಿ ಸುತ್ತಿ, ಕೇರಿಗೆ ಬಂದರು. ಕಟ್ಟೆಯ ಬಳಿ ನಿಂತಿದ್ದ ಯಶೋಧರಾ, "ಬರ್ರಿ, ಇದು ನಮ್ಮ ಮನಿ" ಎಂದಳು. ಅವರು ಅಲ್ಲಿಂದ ಬೇಗ ಕದಲಲಿಲ್ಲ. ಬಾಗಿಲು, ಚಿತ್ರ, ಕಟ್ಟೆ, ಒಂದೊಂದನ್ನೂ ಕೇಳಿ ತಿಳಿದುಕೊಂಡರು.

"ಇದನ್ನ ಬೇಕಂತನ ಇಟ್ಟೀವ್ರಿ ಮೇಡಂ" ಎಂದು ದೊಡ್ಡಬಸವರಾಜ ಹಲ್ಲು ಕಿರಿದ.

"ಇಲ್ರಿ ಸರ್" ಎಂದ ಗವಿಸಿದ್ದೇಶ್, ಎಲ್ಲರೆದುರು. "ನೀವು ಅಳಸ್ರಿ ಅಂದಿದ್ರಿ. ಕಟ್ಟಿದಾವ್ರು ಯಶೋಧರಾ. ಈಗ ಹಿಡಕೊಂಡು ನಿಂತಾವ್ರೂ ಅವರ."

ದೊಡ್ಡಬಸವರಾಜನ ನಗು ಅಲ್ಲೇ ಒಣಗಿತು. ಬಂದವರ ಮುಂದೆಯೇ ಡಿಲೀಟ್ ರದ್ದು ಮಾಡಿದ. ಯಶೋಧರಾ ಆಗ ಕಟ್ಟೆ ಬಿಟ್ಟು, ಹೆಡ್‌ಸೆಟ್ ತೆಗೆದು, ಗವಿಸಿದ್ದೇಶನ ಮುಖ ನೋಡಿದಳು. ಹಣೆಯ ಮೇಲೆ ಪಟ್ಟಿಯ ಗುರುತು ಕೆಂಪಗೆ ಕೂತಿತ್ತು.

"ಕುರುಗೋಡು ಬಸ್ ಐತಿ" ಎಂದ ಅವನು. "ಈಗ ಹೋಗೂಣು."

ಕುರುಗೋಡಿನಲ್ಲಿ ಹಂಪಮ್ಮನ ಕಟ್ಟೆಯ ಮೇಲೆ, ಹೋಗಿ ಬರುವವರಿಗೆಲ್ಲ ಕಾಣುವಂತೆ ಅವನು ಕೂತ. ಸೈಕಲ್ಲಿನಲ್ಲಿ ಹೋಗುತ್ತಿದ್ದ ಅವನ ಪರಿಚಯದವನೊಬ್ಬ ತಿರುಗಿ ತಿರುಗಿ ನೋಡಿದ. ಗವಿಸಿದ್ದೇಶ್ ಕೈಯೆತ್ತಿ ನಮಸ್ಕಾರ ಮಾಡಿದ.

ಅಜ್ಜಿ ಚಹಾ ತಂದಳು. "ಈ ಸಲ ಬಸ್ ಬರಲಿಲ್ಲೇನಪಾ?"

"ಬಂದ್ರೂ ಹೋಗಂಗಿಲ್ಲ ಅವ್ವಾ."

"ಮೊದಲು ಚಾ ಕುಡಿರಿ" ಎಂದಳು ಯಶೋಧರಾ. ಮೂಗಿನ ತುದಿ ಇನ್ನೂ ಕೆಂಪಗಿತ್ತು, ಕಣ್ಣು ಮಾತ್ರ ನಗುತ್ತಿತ್ತು. "ಆಮ್ಯಾಲ ಹೇಳ್ರಿ."

ಅವನು ಚಹಾ ಕುಡಿದ. ಆಮೇಲೆ ಹೇಳಿದ.